ಮಿಲ್ಲು ನಿಂತ ಮೇಲೂ ಅಲುಗಿದ ಬೆರಳು

ಇಲ್ಲಿ ಬರೆದಿರುವ ಕೆಲವು ವಿವರಗಳು ತಪ್ಪಿರಬಹುದು. ಹೊಸಪೇಟೆಯಲ್ಲಿ ರೈಲು ಇಳಿದಾಗ ಹತ್ತಾಗಿತ್ತೋ ಹತ್ತೂವರೆಯೋ, ಕಂಪ್ಲಿ ಬಸ್ಸಿಗೆ ಎಷ್ಟು ಕೊಟ್ಟೆನೋ, ಈಗ ಖಚಿತವಿಲ್ಲ, ಟಿಕೆಟ್ಟೂ ಕಳೆದಿದೆ. ಅವು ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಏಳು ವರ್ಷದ ಹಿಂದಿನ ಒಂದು ನೆನಪು ತಪ್ಪಾಗಿರಲಿ ಎಂದು ಬಯಸುತ್ತಲೇ ನಾನು ಧಾರವಾಡದಿಂದ ಹೊರಟಿದ್ದೆ.

ಚನ್ನಬಸವ ಮಾವ ನನ್ನ ಅವ್ವನ ತಮ್ಮ. ಕಂಪ್ಲಿಯಲ್ಲಿ ಅವರದು ಅಕ್ಕಿ ಮಿಲ್ಲು. ಏಳು ವರ್ಷದ ಹಿಂದೆ ಭತ್ತದ ಚೀಲಗಳ ಎತ್ತರದ ನಿಟ್ಟಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಏನೂ ಆಡದಾಯಿತು. ನಾನಾಗ ಎಂ.ಎ. ಓದುತ್ತಿದ್ದೆ, ರಜೆಗೆಂದು ಅಲ್ಲೇ ಇದ್ದೆ. ಬಿದ್ದ ಮಾವನ ಸುತ್ತ ಹಮಾಲರು ದಿಕ್ಕು ತೋಚದೆ ನಿಂತಿದ್ದಾಗ ಯಾರೋ, ಎಬ್ಬಿಸಿ ಕೂರಿಸಿ, ನೀರು ಕುಡಿಸಿ ಎಂದರು. ಇಬ್ಬರು ತೋಳು ಹಿಡಿದೆತ್ತಿ ಕೂರಿಸಿದರು. ಹಾಗೆ ಬಿದ್ದವರನ್ನು ಅಲುಗಿಸಲೇಬಾರದೆಂದು ನಾನು ಆಮೇಲೆ ಓದಿ ತಿಳಿದೆ. ಹೇಳಿದ ಆ ದನಿ ನನ್ನದೇ ಎಂದು ನನ್ನ ನೆನಪು. ಅದನ್ನು ಯಾರ ಬಳಿಯೂ ಕೇಳಿರಲಿಲ್ಲ.

ಹೋದ ತಿಂಗಳು ಮಾವನ ಹೆಂಡತಿ ನಾಗತ್ತೆ ಫೋನ್ ಮಾಡಿ, ಮಾವನ ಬಲಗಾಲಿನ ಹೆಬ್ಬೆರಳು ಆಡುತ್ತಿದೆ ಎಂದರು. ಅದನ್ನು ನೋಡಲೇಬೇಕೆನಿಸಿತು.

ಹೊಸಪೇಟೆ ಬಸ್ ನಿಲ್ದಾಣದ ಬಳಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಬಸ್ಸು ಹತ್ತಿದೆ. ಕಂಪ್ಲಿಗೆ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಕಮಲಾಪುರ ದಾಟಿದ ಮೇಲೆ ಬಾಳೆ, ಕಬ್ಬು, ಕಾಲುವೆ ನೀರಿನ ಗದ್ದೆ. ಊರು ಬಂತೆಂದು ಮೊದಲು ತಿಳಿಸಿದ್ದು ತೌಡಿನ ವಾಸನೆ.

ಮಿಲ್ಲಿನಲ್ಲಿ ತೂಕದ ಯಂತ್ರದ ಪಕ್ಕ ಮಾವ ಗಾಲಿಕುರ್ಚಿಯಲ್ಲಿದ್ದರು, ಬರಿಗಾಲಲ್ಲಿ. ಮಿಲ್ಲು ಓಡುವಾಗ ಅಲ್ಲಿ ಮಾತು ಕೇಳಿಸುವುದಿಲ್ಲ. ಎಲ್ಲರೂ ಒಬ್ಬರ ತುಟಿ ಒಬ್ಬರು ನೋಡಿ ಅರ್ಥಮಾಡಿಕೊಳ್ಳುತ್ತಾರೆ. ನೆಲವೂ ಸಣ್ಣಗೆ ನಡುಗುತ್ತಿರುತ್ತದೆ. ಹಿಂದೆ ಆ ನಡುಕವನ್ನು ಅಂಗಾಲಿನಿಂದಲೇ ತಿಳಿದು, ಯಾವ ಬೆಲ್ಟು ಸಡಿಲವಾಗಿದೆಯೆಂದು ಮಾವ ಹೇಳುತ್ತಿದ್ದರಂತೆ. ಅಂಗಾಲು ಏನೂ ಹೇಳದಾದ ಮೇಲೂ ದಿನಾ ಬೆಳಿಗ್ಗೆ ಪಾದಗಳನ್ನು ನೆಲಕ್ಕೆ ಊರಿಸಿಕೊಳ್ಳುವುದನ್ನು ಅವರು ಬಿಟ್ಟಿರಲಿಲ್ಲ.

ಹಾಗಾಗಿಯೇ ಮನೆಯವರೆಲ್ಲ ಮೋಸಹೋದರು. ಬೆರಳು ಆಡುತ್ತಿದೆ ಎಂದು ಮಾವ ಹೇಳಿದರೆ, ಅದು ಯಂತ್ರದ ನಡುಕ ಎಂದುಬಿಡುತ್ತಿದ್ದರು. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಒಂದು ಮಧ್ಯಾಹ್ನ ಅತ್ತೆ ರೇಗಿ ಇಡೀ ಮಿಲ್ಲನ್ನೇ ಬಂದ್ ಮಾಡಿಸಿದರು.

"ಕರೆಂಟ್ ಹೋತು ಅಂತ ಹಮಾಲ್ರು ಬೀಡಿ ಹಚ್ಚಾಕ ಹ್ವಾದ್ರು," ಎಂದು ಅತ್ತೆ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು. "ನಾ ಇಲ್ಲೇ ಕುಂತು ನೋಡಿದೆ. ನೆಲ ಸುಮ್ನಿತ್ತು. ಬೆರಳು ಸುಮ್ನಿರ್ಲಿಲ್ಲ."

ನನಗಾಗಿ ಇನ್ನೊಮ್ಮೆ ಮಿಲ್ಲು ನಿಲ್ಲಿಸಿದರು. ನಾನು ನೆಲದ ಮೇಲೆ ಕೂತು ನೋಡಿದೆ. ಬೆರಳು ಒಂದು ಭತ್ತದ ಕಾಳಿನ ಉದ್ದದಷ್ಟು ಸರಿಯಿತು. ಅಥವಾ ನನ್ನ ಆಸೆಗೆ ಹಾಗೆ ಕಂಡಿತು. ನಾನು ಇನ್ನೂ ಬಗ್ಗಿ ನೋಡುತ್ತಿದ್ದುದನ್ನು ಕಂಡು ಮಾವ, "ಏನಬೇ ಗಿರಿಜಾ, ಅಷ್ಟು ಓದಿ ಒಂದು ಬೆರಳು ಕಾಣವಲ್ದೇನ್ ನಿನಗ?" ಎಂದರು.

ಮರುದಿನ ಸಂಡೂರಿನ ಆಸ್ಪತ್ರೆಗೆ. ಹಳೆಯ ವ್ಯಾನು, ಮಾವ ಬಿದ್ದ ಮೇಲೆ ಡ್ರೈವಿಂಗ್ ಕಲಿತ ಅತ್ತೆ. ಹೊಸಪೇಟೆ ದಾಟಿ ಗುಡ್ಡಗಳ ನಡುವೆ ಹೊಕ್ಕಂತೆ ರಸ್ತೆಬದಿಯ ಎಲೆಗಳೆಲ್ಲ ಅದಿರಿನ ಧೂಳಿಗೆ ಕೆಂಪಾಗಿದ್ದವು. ಅತ್ತೆ ಲಾರಿಗಳನ್ನು ಹಿಂದೆ ಹಾಕುವಾಗಲೆಲ್ಲ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೆರಳು ಬಂದ ಮೇಲೆ ಈ ಮನುಷ್ಯನಿಗೆ ಜೀವದ ಮೇಲೆ ಆಸೆ ಭಾಳ ಆಗಿದೆ ಎಂದು ಅತ್ತೆ ನನಗೆ ದೂರು ಹೇಳಿದರು.

ಫಿಸಿಯೋಥೆರಪಿ ಮಾಡಿಸುವ ಡಾಕ್ಟರಮ್ಮ ನನಗಿಂತ ಚಿಕ್ಕವರು. ಸ್ನಾಯುಗಳ ಸೆಳೆತಕ್ಕೂ ಬೆರಳು ಆಡುವುದುಂಟು, ಆದರೆ ಸೆಳೆತ ನಾವು ಹೇಳಿದಂತೆ ಕೇಳುವುದಿಲ್ಲ ಎಂದು ವಿವರಿಸಿದರು. ಮಾವನ ಕಣ್ಣು ಮುಚ್ಚಿಸಿ, ನನ್ನ ಬೆರಳನ್ನು ಅವರ ಹೆಬ್ಬೆರಳ ಮೇಲಿಡಲು ಹೇಳಿದರು. ಡಾಕ್ಟರಮ್ಮ "ಈಗ" ಎಂದಾಗ ಅದು ಒತ್ತಿತು. "ಸಾಕು" ಎಂದಾಗ ನಿಂತಿತು. ಹತ್ತು ಸಲದಲ್ಲಿ ಎಂಟು ಸಲ. ಈ ಎಂಟನ್ನು ಅಲ್ಲೇ ಕೈಮೇಲೆ ಬರೆದುಕೊಂಡೆ, ಆಮೇಲೆ ಹೆಚ್ಚುಕಡಿಮೆ ಮಾಡದಿರಲೆಂದು.

ಬಳಿಕ ಮೊಣಕಾಲಿಗೆ ಪಟ್ಟಿ ಬಿಗಿದು ಎರಡು ಕಬ್ಬಿಣದ ಕಂಬಿಗಳ ನಡುವೆ ಮಾವನನ್ನು ನಿಲ್ಲಿಸಿದರು. ಇಪ್ಪತ್ತು ಉಸಿರಿನಷ್ಟು ಹೊತ್ತು ನಿಂತರು. ಅವರು ಅತ್ತೆಗಿಂತ ಎತ್ತರವೆಂಬುದು ನನಗೆ ಮರೆತೇಹೋಗಿತ್ತು.

ಹುರಿ ಪೂರ್ತಿ ಹರಿದಿರಲಿಲ್ಲ, ಸ್ವಲ್ಪ ಉಳಿದಿತ್ತು, ಇಷ್ಟು ವರ್ಷದ ಮೇಲೆ ಹೀಗಾಗುವುದು ಅಪರೂಪ ಎಂದರು ಡಾಕ್ಟರಮ್ಮ. "ನಡೀತಾರ ಅಂತ ಮಾತ್ರ ನಾ ಹೇಳಂಗಿಲ್ರಿ." ಅವತ್ತು ಎತ್ತಿ ಕೂರಿಸದಿದ್ದರೆ ಇನ್ನೂ ಹೆಚ್ಚು ಉಳಿಯುತ್ತಿತ್ತೇ ಎಂದು ಕೇಳಿದೆ. ಈಗ ನೋಡಿ ಅದನ್ನು ಯಾರೂ ಹೇಳಲಾರರು ಎಂದರು. ಮಾವ ಪಟ್ಟಿ ಬಿಚ್ಚುತ್ತಿದ್ದವರು ತಲೆ ಎತ್ತಿ ನನ್ನತ್ತ ನೋಡಿದರು.

ಹಿಂದಿರುಗುವಾಗ ಮಾವ ಹಂಪಿಗೆ ಹೋಗೋಣವೆಂದರು. ಏಳು ವರ್ಷದಿಂದ ರಸ್ತೆಯಿಂದಷ್ಟೇ ನೋಡಿದ್ದರಂತೆ. ಬಿಸಿಲು ಇಳಿದಿದ್ದರೂ ಬಂಡೆಗಳು ಕಾದಿದ್ದವು. ಮಾವನಿಗೆ ಪಾದ ಕಲ್ಲಿನ ಮೇಲಿಡುವ ಆಸೆ. ಸುಟ್ಟರೂ ಅವರಿಗೆ ತಿಳಿಯದೆಂದು ಅತ್ತೆ ಕಲ್ಲುಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ನೋಡುತ್ತ ಹೋದರು; ಕೊನೆಗೆ ಒಂದು ಮಂಟಪದ ನೆರಳಲ್ಲಿ ತಣ್ಣನೆಯ ಚಪ್ಪಡಿ ಸಿಕ್ಕಿತು.

ಮಾವ ಎರಡೂ ಕೈಯಿಂದ ಪಾದವನ್ನೆತ್ತಿ ಅದರ ಮೇಲಿಟ್ಟರು. "ತಂಪು ತಿಳೀವಲ್ದು," ಎಂದರು. "ಭಾರ ತಿಳೀತೈತಿ. ಯಾರೋ ಕೆಳಗಿಂದ ಒತ್ತಿದಂಗ."

ಅತ್ತೆ ಎಳನೀರು ತರಲು ಹೋದಾಗ ಕೇಳಿಬಿಡಬೇಕೆಂದಿದ್ದೆ. ಮಾವ ಪಾದವನ್ನೇ ನೋಡುತ್ತಿದ್ದರು. ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಐದು ಸೇರು ಸೋನಾ ಮಸೂರಿ ಕಟ್ಟಿಕೊಟ್ಟರು. ಹೇಳಿ ಹೊರಡಲು ಮಿಲ್ಲಿನೊಳಗೆ ಹೋದೆ. ಯಂತ್ರಗಳು ಓಡುತ್ತಿದ್ದವು, ಮಾವನ ಪಾದ ನೆಲದ ಮೇಲಿತ್ತು. ಅವರ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಆದರೆ ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು, ಮೂವತ್ತು ವರ್ಷ ಆ ಸದ್ದಿನಲ್ಲಿ ಬದುಕಿದವರು. ಕೇಳಿ ಮುಗಿಸಿದ ಮೇಲೆ ಅವರು ಗೋಡೆಯ ಗಡಿಯಾರ ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ಕೈ ಮಾಡಿದರು.

ಮನೆಗೆ ಬಂದು ಮಾವನಿಗೆ ಎರಡು ಸಲ ಫೋನ್ ಮಾಡಿದ್ದೇನೆ. ಈಗ ಎಡಗಾಲಿನ ಸುದ್ದಿಯನ್ನೂ ಹೇಳುತ್ತಾರೆ, ಮಳೆಯ ಸುದ್ದಿ ಹೇಳುತ್ತಾರೆ. ಮಿಲ್ಲಿನಲ್ಲಿ ನಾನು ಕೇಳಿದ್ದು ಇಷ್ಟೇ:

"ಮಾವ, ಅವತ್ತು ಎಬ್ಬಿಸಿ ಕುಂದ್ರಿಸ್ರಿ ಅಂದಾಕಿ ನಾನೇನು?"