ಜೋಳದ ಹೊಲದ ಚುಕ್ಕೆ ಮರಿಗಳು

ಆಗಿನ್ನೂ ನಮ್ಮ ಗುರುಗುಂಟಾ ಕಡೆ ಬಿಳಿಜೋಳಕ್ಕೆ ಕುಡಗೋಲೇ ಗತಿ. ಹೊಲದ ನಾಲ್ಕೂ ಕಡೆಯಿಂದ ಕೊಯ್ಯುತ್ತ ಒಳಗೆ ಸರಿಯುತ್ತಿದ್ದೆವು. ಕಡೆಗೆ ನಡುವೆ ಮನೆಯಷ್ಟಗಲ ಜೋಳ ಉಳಿಯುತ್ತಿತ್ತು. ಹೊಲದಲ್ಲಿದ್ದ ಮೊಲಗಳೆಲ್ಲ ಅದರೊಳಗೆ ಸೇರಿಕೊಂಡಿರುತ್ತಿದ್ದವು. ಹೊರಗೆ ಹಾರಿದ ಮೊಲ ಹೊಡೆಯಲು ಗಂಡಸರು ಬಡಿಗೆ ಹಿಡಿದು ಸುತ್ತ ನಿಲ್ಲುತ್ತಿದ್ದರು. ನಮಗೆ ಹುಡುಗರಿಗೆ ಚಿಣಿಕೋಲಿಗಿಂತ ಆ ಆಟವೇ ಹೆಚ್ಚು.

ಒಂದು ಸುಗ್ಗಿಯಲ್ಲಿ ಆ ಜೋಳದೊಳಗೆ ಮೊದಲು ನುಗ್ಗಿದವನು ನಾನು. ಮೊಲ ಸಿಗಲಿಲ್ಲ. ಒಣಗರಿಯ ಮೇಲೆ ಮೂರು ಮರಿ ಮಲಗಿದ್ದವು. ಅಂಗೈಯಲ್ಲಿ ಹಿಡಿಸುವಷ್ಟು, ಮೈತುಂಬ ಚುಕ್ಕೆ.

"ಕಾಕಾ, ಬೆಕ್ಕಿನ ಮರಿ!"

ಅಪ್ಪನ ತಮ್ಮ ಶರಣಪ್ಪ ಕಾಕ ಇಣುಕಿದವನೇ ನನ್ನ ಅಂಗಿ ಹಿಡಿದು ಹೊರಗೆಳೆದ. "ಬೆಕ್ಕಲ್ಲಲೇ, ಚಿರತಿ ಮರಿ! ಚುಕ್ಕಿ ಕಾಣವಲ್ವೇನು? ಅವರವ್ವ ಬಂತಂದ್ರ ನಿನ್ನ ಹರದು ತಿಂತೈತಿ. ಈಗ ಹೊಡದು ಹಾಕೂನು."

ಸ್ವಲ್ಪ ದಿನದ ಹಿಂದಷ್ಟೇ ಗುಡ್ಡದ ಬದಿಯಲ್ಲಿ ಅವನ ಆಡನ್ನು ಚಿರತೆ ಒಯ್ದಿತ್ತು. ಬಡಿಗೆಗಳು ಮೇಲೆದ್ದವು. ಅವ್ವ ಕುಡಗೋಲು ಹಿಡಿದೇ ಅಡ್ಡ ನಿಂತಳು.

"ಶರಣಪ್ಪಾ, ಎಳ್ಳಮಾಸಿಗಿ ಈ ಹೊಲದಾಗ ಚರಗ ಚೆಲ್ಲಿದವ ನೀನಾ ಅಲ್ಲೇನು?"

ಎಳ್ಳಮಾವಾಸ್ಯೆಗೆ ರೊಟ್ಟಿ, ಕಡುಬು, ಭಜ್ಜಿ ಕಲಸಿ ಬೆಳೆಯೊಳಗೆಲ್ಲ ಚೆಲ್ಲುವುದೇ ಚರಗ. ಭೂಮಿತಾಯಿಗೂ ಹೊಲದಲ್ಲಿರುವ ಜೀವಗಳಿಗೂ ಅದು ಊಟ.

"ಉಣ್ಣಾಕ ಕರದು ಈಗ ಬಡಿಗಿ ಹಿಡಿತೀಯಾ?"

"ಚಿರತಿನ್ನ ನಾ ಕರದಿಲ್ಲ ವೈನಿ!"

ಜೋಳ ಕೊಯ್ಯಲು ಬಂದಿದ್ದ ಹುಸೇನಮ್ಮ ನನ್ನ ಕಡೆ ತಿರುಗಿ ನಕ್ಕಳು. "ನಿಮ್ಮ ಕಾಕ ಕರದ್ರ ಬೀಗರ ಬರಂಗಿಲ್ಲ, ಚಿರತಿ ಎಲ್ಲಿ ಬರತೈತಿ ತಗೋ!"

ಕಾಕ ನಗಲಿಲ್ಲ. "ಹೊತ್ತು ಮುಳುಗೂತನ ನೋಡ್ತೀನಿ. ತಾಯಿ ಒಯ್ಲಿಲ್ಲಂದ್ರ ನಾ ಬಿಡಂಗಿಲ್ಲ."

ಎಲ್ಲರೂ ಬದುವಿನ ಜಾಲಿಯ ಹಿಂದೆ ಸರಿದು ಕೂತೆವು. ಅವ್ವ ನಮ್ಮ ಜೊತೆ ಹೊಲಕ್ಕೆ ಬಂದಿದ್ದ ಮನೆಯ ನಾಯಿಯನ್ನು ನನ್ನ ಕೈಗೆ ಕೊಟ್ಟು, "ಇದು ಬೊಗಳಿದ್ರ ಮರಿ ಹೋದ್ವು ನೋಡು" ಎಂದಳು. ಕೊಯ್ದ ಜೋಳದ ಹಸಿ ವಾಸನೆ. ಬುತ್ತಿ ಬಿಚ್ಚಿದಾಗ ಒಂದು ಕೈಯಲ್ಲಿ ನಾಯಿ ಹಿಡಿದೇ ಶೇಂಗಾ ಹಿಂಡಿ, ರೊಟ್ಟಿ ತಿಂದೆ.

ಹೊತ್ತು ಗುಡ್ಡ ಮುಟ್ಟುವಾಗ ಕೂಳೆಗಳ ನಡುವೆ ಏನೋ ಹರಿದು ಬಂತು. ಚಿರತೆಯಲ್ಲ! ನಮ್ಮ ಮನೆಯ ಬೆಕ್ಕಿಗಿಂತಲೂ ಸಣ್ಣದು. ಕಾಕನ ಬಾಯಿ ತೆರೆದೇ ಉಳಿಯಿತು. ಅದು ಒಂದು ಮರಿಯನ್ನು ಕಚ್ಚಿಕೊಂಡು ಹೊಲದ ಅಂಚಿನ ಕಲ್ಲುಗುಂಪಿಗೆ ಓಡಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ಅಷ್ಟರಲ್ಲಿ ನಾಯಿ ಗುರ್ ಎಂದಿತು. ಎರಡೂ ಕೈಯಿಂದ ಅದರ ಬಾಯಿ ಒತ್ತಿ ಹಿಡಿದೆ. ಆಮೇಲೆ ಬಹಳ ಹೊತ್ತು ಬೆಕ್ಕು ಬರಲಿಲ್ಲ.

ಹೊತ್ತು ಮುಳುಗಿತು. ಕಾಕ ಬಡಿಗೆ ಹಿಡಿದು ಎದ್ದ. ಮೂರನೆಯದು ಹೋಯಿತು ಎಂದುಕೊಂಡೆ. ಅವನು ಸ್ವಲ್ಪ ಹೊತ್ತು ಗುಡ್ಡ ನೋಡಿದ, ಬಡಿಗೆಯನ್ನು ನೆಲಕ್ಕಿಟ್ಟು ಮತ್ತೆ ಕೂತ.

"ಇನ್ನಾ ಬೆಳಕೈತಿ" ಎಂದ.

ಕಣ್ಣು ಮಸುಕಾಗುವ ಹೊತ್ತಿಗೆ ಅದು ಬಂತು. ಮೂರನೆಯದನ್ನೂ ಒಯ್ದಿತು.

ಅದು ಜಗತ್ತಿನ ಅತಿ ಸಣ್ಣ ಕಾಡುಬೆಕ್ಕುಗಳಲ್ಲೊಂದು, ಈಗ ಕಡಿಮೆಯಾಗುತ್ತಿದೆ, ಮರಿ ಕಂಡರೆ ಮುಟ್ಟದೆ ತಾಯಿಗೆ ದಾರಿ ಬಿಡಬೇಕು ಎಂದು ಎಷ್ಟೋ ವರ್ಷದ ಮೇಲೆ ಅರಣ್ಯದವರೊಬ್ಬರು ಹೇಳಿದರು. ನಾನು ಬೇಗ ಶಾಲೆ ಬಿಟ್ಟವನು. ದುಡಿದು ಸ್ವಂತ ಕೊಯ್ಲಿನ ಮಷೀನು ಮಾಡಿಕೊಂಡಿದ್ದೇನೆ. ಗೊರೇಬಾಳದ ಭತ್ತವಿರಲಿ, ಮಸ್ಕಿಯ ಜೋಳವಿರಲಿ, ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿಲ್ಲ. ನಡುವಿನ ಬೆಳೆ ಉಳಿದಾಗ ವೇಗ ಇಳಿಸುತ್ತೇನೆ, ಬಗ್ಗಿ ನೋಡುತ್ತೇನೆ. ಎಷ್ಟೋ ಸುಗ್ಗಿ ಕಳೆದವು. ಚುಕ್ಕೆ ಮರಿಗಾಗಿ ಮಷೀನು ನಿಲ್ಲಿಸುವ ಪ್ರಸಂಗ ಒಮ್ಮೆಯೂ ಬಂದಿಲ್ಲ.