ಕೆಂಪಸಿದ್ದಯ್ಯನ ಹಿಂಬಾಗಿಲು

ಆತಗೂರಿನ ಕೆಂಪಸಿದ್ದಯ್ಯ ಇಪ್ಪತ್ತು ವರ್ಷ ಎತ್ತಿನ ಗಾಡಿ ಹೊಡೆದವನು. ಅವನ ಗಾಡಿಯಿಂದ ಕಿರ್ ಎನ್ನುವ ಸದ್ದನ್ನು ಯಾರೂ ಕೇಳಿದವರಿಲ್ಲ. ಗಾಡಿ ಕಿರುಗುಟ್ಟಿದರೆ ಗಾಡಿಯವನ ಮಾನ ಹೋಯಿತೆಂದೇ ಅವನ ಲೆಕ್ಕ. ಬಿದಿರ ಕೊಳವೆಯ ತುಂಬ ಕೀಲೆಣ್ಣೆ ಇಲ್ಲದೆ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಮದ್ದೂರಿನ ರಾಮಲಿಂಗಯ್ಯ ಎಲ್ಲಿಂದಲೋ ಒಂದು ಹಳೆಯ ಸಣ್ಣ ಲಾರಿ ಕೊಂಡು ತಂದರು. ಆಲೆಮನೆಗಳ ಬೆಲ್ಲವನ್ನು ಮಂಡ್ಯದ ಮಂಡಿಗೆ ಸಾಗಿಸುವ ಕೆಲಸ. ಓಡಿಸಲು ಸಿದ್ದರಾಜು, ಹೇರಿ ಇಳಿಸಲು ಕೆಂಪಸಿದ್ದಯ್ಯ. ಲಾರಿ ಹತ್ತಿದ ಮೊದಲ ದಿನ ಊರೆಲ್ಲ ನೋಡಲಿ ಎಂದು ಎದೆಯುಬ್ಬಿಸಿ ನಿಂತಿದ್ದ. ಪಾಪ, ಆ ಜಂಭ ಹದಿನೈದು ದಿನವೂ ಬಾಳಲಿಲ್ಲ.

ಲಾರಿಯ ಹಿಂಬಾಗಿಲು ಒಂದು ಮರದ ಹಲಗೆ. ಅದನ್ನು ಎತ್ತಿ ನಿಲ್ಲಿಸಿ ಎರಡೂ ಪಕ್ಕದ ಬಳೆಗಳಿಗೆ ಕಬ್ಬಿಣದ ಕೀಲು ತೂರಿಸಬೇಕು. ಶಿಂಷಾ ಸೇತುವೆ ದಾಟಿದ ಮೇಲೆ ಒಂದು ದಿನ ಕೀಲು ಕಳಚಿ ಬಾಗಿಲು ದೊಪ್ಪೆಂದು ಬಿತ್ತು. ಬೆಲ್ಲದ ಅಚ್ಚುಗಳು ರಸ್ತೆಯುದ್ದಕ್ಕೂ ಉರುಳಿದವು. ವಾರದೊಳಗೆ ಮತ್ತೆ ಅದೇ ಕಥೆ. ರಾಮಲಿಂಗಯ್ಯ ಕೆಂಡವಾದರು. ಕೀಲು ಬಡಿದುಕೊಟ್ಟ ಮದ್ದೂರಿನ ಕಮ್ಮಾರ ಅಂಕಯ್ಯನದೇ ತಪ್ಪು, ಇನ್ನು ಅವನ ಕುಲುಮೆ ಕಡೆ ಯಾರೂ ತಲೆ ಹಾಕಬಾರದು ಎಂದರು. ಇನ್ನೊಂದು ಸಲ ಬೆಲ್ಲ ಬಿದ್ದರೆ ಕೆಂಪಸಿದ್ದಯ್ಯನೂ ಎತ್ತಿನ ಬಾಲ ಹಿಡಿಯಲು ವಾಪಸ್ಸು ಹೋಗಬಹುದು ಎಂದೂ ಸೇರಿಸಿದರು.

ಮಣ್ಣಿನಲ್ಲಿ ಬಿದ್ದಿದ್ದ ಕೀಲನ್ನು ಎತ್ತಿಕೊಂಡಾಗ ಅದು ಕೆಂಪಸಿದ್ದಯ್ಯನ ಬೆರಳಿನಿಂದಲೇ ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿತು. ಬಾಗಿಲು ಕಿರುಗುಟ್ಟುತ್ತದೆಂದು ದಿನಾ ಬೆಳಿಗ್ಗೆ ಆ ಕೀಲುಗಳಿಗೆ ಎಣ್ಣೆ ಬಳಿಯುತ್ತಿದ್ದವನು ಅವನೇ! ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳವೆಲ್ಲ ಅಂಕಯ್ಯನ ಪಾಲಿಗೇ ಹೋಗುತ್ತಿತ್ತು. ಆದರೆ ಅವನಿಗೆ ಅನ್ನ ಸೇರಲಿಲ್ಲ.

ಮರುದಿನ ಯಜಮಾನರ ಜಗಲಿಯ ಮುಂದೆ ಹೋಗಿ ನಿಂತ.

"ಅಂಕಯ್ಯಂದೇನೂ ತಪ್ಪಿಲ್ಲ ಯಜಮಾನ್ರೆ. ಕೀಲಿಗೆ ಎಣ್ಣೆ ಬಳ್ದು ಜಾರಂಗೆ ಮಾಡ್ದೋನು ನಾನು. ಒಂದಪ ಬುಟ್ಟು ನೋಡಿ, ಸರಿ ಮಾಡ್ತೀನಿ."

ರಾಮಲಿಂಗಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಒಂದೇ ಒಂದು ಸಲಕ್ಕೆ ಒಪ್ಪಿದರು, ತಾವೂ ಲಾರಿಯಲ್ಲಿ ಬರುವುದಾಗಿ ಹೇಳಿದರು.

ಕೆಂಪಸಿದ್ದಯ್ಯ ನೇರವಾಗಿ ಕುಲುಮೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದ. ಅಂಕಯ್ಯ ಮೊದಲು ಮುಖ ತಿರುಗಿಸಿದ, ಆಮೇಲೆ ತಿದಿ ಒತ್ತಿ ಬೆಂಕಿ ಹೊತ್ತಿಸಿದ. ಇಬ್ಬರೂ ಕೂತು ಕೀಲುಗಳನ್ನು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಎಣ್ಣೆಯ ಹೆಸರಿಲ್ಲದಂತೆ ಮಾಡಿದರು. ಗಾಡಿಯ ಚಕ್ರ ಕಳಚದಿರಲೆಂದು ಅಚ್ಚಿನ ತುದಿಗೆ ಕಡಾಣಿ ಹಾಕುವುದಿಲ್ಲವೇ, ಹಾಗೆಯೇ ಕೀಲಿನ ತುದಿಗೂ ತೂತು ಕೊರೆದು ಪುಟ್ಟ ಕಡಾಣಿ ತೂರಿಸಿದರು. ಹಲಗೆ ಉಜ್ಜಿ ಸವೆಯದಿರಲೆಂದು ಹಲಗೆಗೂ ಬಳೆಗೂ ನಡುವೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಹಳೆಯ ತೊಗಲ ಚೀಲದ ತುಂಡು ಬಡಿದರು. ಅದರಿಂದ ಕಿರುಗುಟ್ಟುವುದೂ ನಿಂತಿತು.

ತುಂಬಿದ ಲಾರಿ ಸೇತುವೆ ದಾಟಿ ಏರು ಹತ್ತುವಾಗ ಇಂಜಿನ್ನು ಕೆಮ್ಮಿ ನಿಂತುಬಿಟ್ಟಿತು. ಲಾರಿ ಒಂದು ಮಾರು ಹಿಂದಕ್ಕೆ ಜಾರಿ, ಬ್ರೇಕು ಹಿಡಿದು ಕುಕ್ಕಿತು. ಬೆಲ್ಲದ ಭಾರವೆಲ್ಲ ಹಿಂಬಾಗಿಲ ಮೇಲೆ ಬಿತ್ತು. ಚಕ್ರಕ್ಕೆ ಕಲ್ಲು ಕೊಡಲು ಕೆಳಗೆ ಧುಮುಕಿದ್ದ ಕೆಂಪಸಿದ್ದಯ್ಯನಿಗೆ ದೂರ ಸರಿಯೆಂದು ಸಿದ್ದರಾಜು ಕೂಗಿದ. ಅವನು ಸರಿಯಲಿಲ್ಲ. ಕಲ್ಲು ಕೊಟ್ಟು, ಕೀಲಿನ ಮೇಲೆ ಕಣ್ಣು ನೆಟ್ಟು ಅಲ್ಲೇ ನಿಂತ. ಹಲಗೆ ಒಮ್ಮೆ ನರಳಿತು, ಅಷ್ಟೇ. ಕೀಲು ಕೂದಲೆಳೆಯಷ್ಟೂ ಕದಲಲಿಲ್ಲ.

ಮಂಡ್ಯದ ಮಂಡಿಯಲ್ಲಿ ಬೆಲ್ಲದ ಒಂದು ಅಚ್ಚೂ ಕಡಿಮೆಯಿರಲಿಲ್ಲ. ರಾಮಲಿಂಗಯ್ಯ ತಾವೇ ಬಾಗಿಲು ಹಿಡಿದು ಅಲ್ಲಾಡಿಸಿ ನೋಡಿದರು. ಮುಂದಿನ ತಿಂಗಳು ತರುವ ಇನ್ನೊಂದು ಲಾರಿಯ ಜವಾಬ್ದಾರಿಯೂ ನಿನ್ನದೇ ಎಂದರು. ಕೆಂಪಸಿದ್ದಯ್ಯ ಹಿಗ್ಗಿ ಹೀರೇಕಾಯಿಯಾದ. ಆದರೂ ಹೂಂ ಅನ್ನಲಿಲ್ಲ.

"ಅಂಕಯ್ಯನ್ ಕರುಸ್ಕೊಳ್ಳಿ ಯಜಮಾನ್ರೆ. ಅವ್ನಿಲ್ದಿದ್ರೆ ನಾನೂ ಬರಕಿಲ್ಲ."

ನಿನ್ನೆ ಕೆಲಸ ಕಳೆದುಕೊಳ್ಳಲಿದ್ದವನು ಇಂದು ಷರತ್ತು ಹಾಕುತ್ತಿದ್ದ! ರಾಮಲಿಂಗಯ್ಯ ಲಾರಿ ಹತ್ತಿ ಕೂತರು.

ಮದ್ದೂರಿಗೆ ಬಂದಾಗ ಲಾರಿಯನ್ನು ಕುಲುಮೆಯ ಮುಂದೆ ನಿಲ್ಲಿಸಿದರು. ಅಂಕಯ್ಯನನ್ನು ಕರೆಯಲು ಕೆಂಪಸಿದ್ದಯ್ಯ ಇಳಿಯಹೊರಟ. ಅವನನ್ನು ಕೈಸನ್ನೆಯಲ್ಲೇ ಕೂರಿಸಿ, ರಾಮಲಿಂಗಯ್ಯ ತಾವೇ ಇಳಿದು ತಲೆ ಬಗ್ಗಿಸಿಕೊಂಡು ಒಳಗೆ ಹೋದರು.