ಹಸು ಬಿಟ್ಟ ಹಿಂಡಿ

ಕಳೆದ ತಿಂಗಳು, ಅಕ್ಟೋಬರ್‌ನ ಮೂರನೇ ಸೋಮವಾರ ಬೆಳಿಗ್ಗೆ ಹೊನ್ನೂರಿನಲ್ಲಿ ನನ್ನ ಅಕ್ಕನ ಮೀನಿನ ಹೊಂಡದಲ್ಲಿ ಹನ್ನೊಂದು ಕಾಟ್ಲಾ ಮೀನು ಸತ್ತು ತೇಲಿದವು. ಹಿಂದಿನ ದಿನ ಮಧ್ಯಾಹ್ನ ಅದೇ ಹೊಂಡದ ಮೀನಿನ ಸಾರನ್ನು ಅಕ್ಕ ಮಗಳಿಗೆ ಬಡಿಸಿದ್ದಳು. ಮಗಳಿಗೆ ಹೆರಿಗೆಯಾಗಿ ಇಪ್ಪತ್ಮೂರು ದಿನವಾಗಿತ್ತು. ಎದೆಹಾಲು ಚೆನ್ನಾಗಿ ಬರಲೆಂದು ವಾರಕ್ಕೆರಡು ಸಲ ಮೀನು ಸಾರು.

ಅಕ್ಕನ ಫೋನು ಬಂದಾಗ ನಾನು ಕೊಳ್ಳೇಗಾಲದಲ್ಲಿದ್ದೆ. ಹೊನ್ನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಆ ಮೀನಿಗೆ ಹಾಕಿದ ಹಿಂಡಿ ತಂದವನು ನಾನು.

ಆಗಸ್ಟ್‌ನಲ್ಲಿ ಬಂಡಳ್ಳಿ ಕಡೆಯ ಪರಿಚಯದ ಗಾಣದಿಂದ ಎಂಟು ಚೀಲ ಕಡ್ಲೆಕಾಯಿ ಹಿಂಡಿಯನ್ನು ಟೆಂಪೋದಲ್ಲಿ ತಂದೆ. ದಾರಿಯಲ್ಲಿ ಮಳೆ ಬಂತು. ಟಾರ್ಪಾಲನ್ನು ನಾನು ಸರಿಯಾಗಿ ಕಟ್ಟಿರಲಿಲ್ಲ. ಅಕ್ಕ ಹಿಂಡಿಯನ್ನು ಎರಡು ದಿನ ಬಿಸಿಲಿಗೆ ಹರಡಿ, ಮತ್ತೆ ಚೀಲಕ್ಕೆ ತುಂಬಿಟ್ಟಳು. ತಿಂಗಳು ಕಳೆದ ಮೇಲೆ ಹಸುವಿನ ಮುಂದಿಟ್ಟರೆ ಅದು ಮೂಸಿ ಮುಖ ತಿರುಗಿಸಿತು.

"ಕೊಬ್ಬು ಇವಳಿಗೆ. ಬೀಗರೂಟಕ್ಕೆ ಬಂದೋಳಂಗೆ ಆಡ್ತಾಳೆ," ಎಂದಳು ಅಕ್ಕ. "ಎತ್ಕಳ್ಲಾ ಆ ಚೀಲವ. ಮೀನು ತಿಂತವೆ."

ಹೊಂಡದಲ್ಲಿ ಗಳ ನೆಟ್ಟು, ತೂತು ಮಾಡಿದ ಚೀಲಕ್ಕೆ ಹಿಂಡಿ, ತೌಡು ತುಂಬಿ ನೀರಿಗೆ ಇಳಿಬಿಡುತ್ತೇವೆ. ಸಂಜೆಗೆ ಚೀಲ ಖಾಲಿ. ಮೀನು ತಿಂದದ್ದೆಷ್ಟು, ನೀರಲ್ಲಿ ಕರಗಿದ್ದೆಷ್ಟು, ಕಾಣುವುದಿಲ್ಲ. ಮುಖ ತಿರುಗಿಸಿದರೂ ಕಾಣುವುದಿಲ್ಲ.

ಮಧ್ಯಾಹ್ನ ಯಳಂದೂರಿನಿಂದ ಮೀನುಗಾರಿಕೆ ಅಧಿಕಾರಿ ಬಂದು ಒಂದು ಮೀನು ಕೊಯ್ದರು. ಕೆಂಗಂದು ಬಣ್ಣವಿರಬೇಕಿದ್ದ ಈಲಿ, ಅಂದರೆ ಲಿವರ್, ಹಳದಿಗಟ್ಟಿ ಗಂಟುಗಂಟಾಗಿತ್ತು. ಅವರು ಹಿಂಡಿಯ ಒಂದು ಹೆಂಟೆ ಒಡೆದರು. ಒಳಗೆ ಹಸಿರು ಬೂಸ್ಟು.

"ಬಿಸ್ಲಿಗೆ ಆಕಿದ್ದೆ ಸಾ," ಎಂದಳು ಅಕ್ಕ.

"ಬೂಸ್ಟು ಒಣಗ್ತದೆ ಕಣಮ್ಮ. ಅದು ಬಿಟ್ಟ ವಿಷ ಒಣಗಲ್ಲ. ಬೇಯ್ಸಿದ್ರೂ ಹೋಗಲ್ಲ. ಇದು ಇನ್ನೂ ಅನುಮಾನ, ಹಿಂಡಿ ಪರೀಕ್ಷೆಗೆ ಕಳಿಸ್ತೀನಿ. ಮೀನು ಯಾರಾದ್ರೂ ತಿಂದ್ರಾ?"

ಅಕ್ಕ ಬಾಣಂತಿಯ ವಿಷಯ ಹೇಳಿದಳು.

"ಮಾಂಸದಲ್ಲಿ ಅಷ್ಟು ಇರಲ್ಲ. ಲಿವರ್ ತೆಗೆದು ಬಿಸಾಕಿದ್ರಿ ತಾನೆ?"

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಈಲಿ ಬಿಸಾಕ್ನಿಲ್ಲ ಸಾ. ಬಾಣ್ತಿಗೆ ಶಕ್ತಿ ಅಂತ ಸಾರಿಗೇ ಆಕ್ದೆ."

ಅವರು ಒಡೆದ ಹೆಂಟೆಯನ್ನು ಕವರಿಗೆ ಹಾಕಿ ಕಟ್ಟಿಕೊಂಡರು. ಆಮೇಲೆ ಅಧಿಕಾರಿ ಉಳಿದ ಮೀನಿನ ವಿಷಯ ಹೇಳಿದರು. ಈ ಹಿಂಡಿ ನಿಲ್ಲಿಸಬೇಕು. ಹೊಸ ಮೇವಿಗೆ ಜೇಡಿಮಣ್ಣಿನಂಥ ಒಂದು ಪುಡಿ ಬೆರೆಸಬೇಕು. ಮೇವಿನಲ್ಲಿ ವಿಷವಿದ್ದರೆ ಅದು ಕರುಳಿನಲ್ಲೇ ಹಿಡಿದುಕೊಂಡು ಹೊರಗೆ ಹಾಕುತ್ತದೆ. ಈಗಾಗಲೇ ಕೆಟ್ಟ ಈಲಿಯನ್ನು ಸರಿಮಾಡುವುದಿಲ್ಲ.

"ಆ ಪುಡಿಯ ನಮ್ಮುಡ್ಗಿಗೂ ಕೊಡಬೌದಾ ಸಾ?" ಎಂದು ಅಕ್ಕ ಕೇಳಿದಳು.

ಅವರು ನಗಲಿಲ್ಲ. "ಅದು ಮೀನಿಗೆ ಕಣಮ್ಮ. ಅವರನ್ನ ಆಸ್ಪತ್ರೆಗೆ ಕರ್ಕೊಂಡೋಗಿ. ಇವತ್ತೇ."

ಬಾಣಂತಿ, ಕೂಸನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಆಟೋದಲ್ಲಿ ಹೊರಟೆವು. ದಾರಿಯಲ್ಲಿ ಅಕ್ಕ ಮೂರು ಸಲ ಕೂಸಿನ ರೆಪ್ಪೆ ಬಿಡಿಸಿ ಬೆಳಕಿಗೆ ಹಿಡಿದಳು. "ಅಳದಿ ಅದಾ ನೋಡ್ಲಾ." ನನಗೆ ಹಳದಿ ಕಂಡಿತು. ಅಕ್ಕನ ಕಣ್ಣು ನೋಡಿದೆ, ಅದೂ ಹಳದಿ ಕಂಡಿತು. ಇಳಿಬಿಸಿಲು ಇರಬಹುದೆಂದುಕೊಂಡೆ.

ವೈದ್ಯೆ ತಾಯಿಯ ರಕ್ತ ತೆಗೆಸಿದರು, ಕೂಸನ್ನು ಪರೀಕ್ಷಿಸಿದರು. ಕೂಸಿಗೆ ಕಾಮಾಲೆ ಇಲ್ಲ, ಹಾಲು ನಿಲ್ಲಿಸಬೇಡಿ, ಆ ಮೀನು ಕೊಡಬೇಡಿ ಎಂದರು. ಮರುದಿನ ಬಂದ ವರದಿಯಲ್ಲಿ ತಾಯಿಯ ಲಿವರ್ ಸರಿಯಿತ್ತು. ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು.

ಉಳಿದ ಹಿಂಡಿಯನ್ನು ಹೂತೆವು. ಪುಡಿ ಬೆರೆಸಿದ ಮೇವು ಹಾಕಲು ಶುರುಮಾಡಿದ ಮೇಲೆ ಇನ್ನೂ ನಾಲ್ಕು ಮೀನು ತೇಲಿವೆ. ಹಿಂಡಿಯ ವರದಿ ಬಂದಿಲ್ಲ. ಅಕ್ಕನ ಮಗಳ ಎರಡನೇ ರಕ್ತಪರೀಕ್ಷೆ ಬರುವ ಗುರುವಾರ.